ಫಿಲ್ಮು ಮುಗಿದ ಮೇಲೆ

ನಮ್ಮ ಮನೆಯ ಮಿಕ್ಸಿಯ ಕಪ್ಲರ್ ಸವೆದಾಗ ಅಂಗಡಿಯವರು, ‘ಈ ಮಾಡೆಲ್ ನಿಂತುಹೋಗಿದೆ, ಹೊಸದೇ ತಗೊಂಡ್ಬಿಡಿ’ ಅಂದರು. ತಗೊಂಡೆ. ಚಟ್ನಿಯ ರುಚಿಯೇನೂ ಬದಲಾಗಲಿಲ್ಲ. ಆದರೆ ನೂರು ವರ್ಷ ಒಂದೇ ಕೆಲಸ ಮಾಡಿಕೊಂಡು ಬಂದ ಪ್ರಯೋಗಾಲಯದ ಉಪಕರಣಕ್ಕೆ ಹೀಗಾದರೆ?

ಕೊಡೈಕೆನಾಲ್ ಬೆಟ್ಟದ ಸೌರ ವೀಕ್ಷಣಾಲಯ ಶುರುವಾದದ್ದು 1899ರಲ್ಲಿ. ಅಲ್ಲಿಗೆ 1904ರಲ್ಲಿ ಕೇಂಬ್ರಿಜ್‌ನಿಂದ ಒಂದು ಸ್ಪೆಕ್ಟ್ರೋಹೀಲಿಯೋಗ್ರಾಫ್ ಬಂತು. ಸೂರ್ಯನ ಬಿಂಬವನ್ನು ಸಪೂರ ಸೀಳೊಂದರಲ್ಲಿ ಪಟ್ಟಿಪಟ್ಟಿಯಾಗಿ ಹಾಯಿಸಿ, ಬಣ್ಣಗಳನ್ನು ಬಿಡಿಸಿ, ಅದರಲ್ಲಿ ಕ್ಯಾಲ್ಸಿಯಂನ ‘ಕೆ’ ಗೆರೆಯ ಬೆಳಕನ್ನಷ್ಟೇ ಫೋಟೋ ಪ್ಲೇಟಿಗೆ ಬಿಡುವ ಯಂತ್ರ ಇದು. ಬೆಟ್ಟಕ್ಕೆ ಆಗ ಮೋಟಾರು ರಸ್ತೆಯೇ ಇರಲಿಲ್ಲ. ಒಂದು ತಿರುಪು ಕೆಟ್ಟರೂ ಇಂಗ್ಲೆಂಡಿನ ಹಡಗು ಕಾಯಬೇಕಾದ ಜಾಗದಲ್ಲಿ ಯಂತ್ರ ನಡೆಸುವವನಿಗೆ ಕೈಕೆಲಸವೂ ಗೊತ್ತಿರಬೇಕು.

1907ರಲ್ಲಿ ಬಂದ ಜಾನ್ ಎವರ್‌ಶೆಡ್‌ಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿದ್ದಾಗಲೇ ಹವ್ಯಾಸಕ್ಕೆಂದು ಇಂಥದ್ದೊಂದು ಯಂತ್ರ ಕಟ್ಟಿಕೊಂಡಿದ್ದವನು. ಕೇಂಬ್ರಿಜ್ ಯಂತ್ರವನ್ನು ಹದಕ್ಕೆ ತಂದ. ಸಾಲದೆಂದು, ಹೈಡ್ರೋಜನ್ನಿನ ಕೆಂಪು ಗೆರೆಗೆಂದು ಇನ್ನೊಂದನ್ನು ತಾನೇ ಮಾಡಿ ಪಕ್ಕದಲ್ಲಿ ಜೋಡಿಸಿದ. 1909ರಲ್ಲಿ ಸೌರಕಲೆಯೊಳಗಿಂದ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದ. ಅದಕ್ಕೆ ಇಂದಿಗೂ ಅವನದೇ ಹೆಸರು. ನನಗೇನೋ ಆ ಪಕ್ಕದ ಯಂತ್ರವೇ ದೊಡ್ಡದಾಗಿ ಕಾಣುತ್ತದೆ.

ಆಮೇಲೆ ನಡೆದದ್ದು ದಿನಚರಿ. ಮೋಡವಿಲ್ಲದ ದಿನ ಸೂರ್ಯನ ಚಿತ್ರ, 60 ಮಿಲಿಮೀಟರ್ ವ್ಯಾಸದ್ದು. ಬ್ರಿಟಿಷರು ಹೋದರು, 1971ರಲ್ಲಿ ವೀಕ್ಷಣಾಲಯ ಭಾರತೀಯ ಖಭೌತ ಸಂಸ್ಥೆಯಾಗಿ, ಮುಂದೆ ಅದರ ಕೇಂದ್ರ ಬೆಂಗಳೂರಿಗೆ ಬಂತು. ಬೆಟ್ಟದ ಮೇಲೆ ಚಿತ್ರ ತೆಗೆಯುವುದು ಮಾತ್ರ ನಿಲ್ಲಲಿಲ್ಲ.

ಯಂತ್ರದ ಮಸೂರ ಒಡೆಯಲಿಲ್ಲ, ಕಬ್ಬಿಣ ತುಕ್ಕು ಹಿಡಿದು ಕೂರಲೂ ಇಲ್ಲ. ಸಿಗದೇ ಹೋದದ್ದು ಫಿಲ್ಮು. ಜಗತ್ತು ಡಿಜಿಟಲ್ ಕ್ಯಾಮೆರಾಕ್ಕೆ ಹೊರಳಿದಾಗ ಕೊಡಾಕ್‌ನಂಥ ಕಂಪನಿಗಳು ವಿಜ್ಞಾನಕ್ಕೆಂದು ಮಾಡುತ್ತಿದ್ದ ಪ್ಲೇಟು, ಫಿಲ್ಮುಗಳನ್ನು ಒಂದೊಂದಾಗಿ ಕೈಬಿಟ್ಟವು. ಕೆಲವೇ ವೀಕ್ಷಣಾಲಯಗಳಿಗಾಗಿ ಕಾರ್ಖಾನೆ ನಡೆಸುವವರು ಯಾರು? ಫ್ರಾನ್ಸಿನ ಮ್ಯೂಡನ್ 2002ರಲ್ಲೇ ಸಿಸಿಡಿ ಕ್ಯಾಮೆರಾಕ್ಕೆ ಬದಲಾಗಿತ್ತು. ಕೊಡೈಕೆನಾಲಿನ ಕ್ಯಾಲ್ಸಿಯಂ ಸರಣಿ 2007ಕ್ಕೆ ನಿಂತಿತು. ಬಿಡಿಭಾಗ ಎಂದರೆ ನಮ್ಮ ಕಣ್ಣಿಗೆ ಬರುವುದು ಗಿಯರು, ಬೆಲ್ಟು, ಬಲ್ಬು. ದಿನವೂ ಖರ್ಚಾಗುವ ಫಿಲ್ಮನ್ನು ಆ ಪಟ್ಟಿಗೆ ಯಾರೂ ಸೇರಿಸುವುದಿಲ್ಲ.

ಮರುವರ್ಷವೇ ಅಲ್ಲಿ ಸಿಸಿಡಿ ಕ್ಯಾಮೆರಾದ ಹೊಸ ದೂರದರ್ಶಕ ಕೆಲಸ ಶುರುಮಾಡಿತು. ಆದರೆ ಹಳೆಯ ಸೀಳು ಬಿಡುತ್ತಿದ್ದದ್ದು 0.5 ಆಂಗ್‌ಸ್ಟ್ರಾಮ್ ಅಗಲದ ಬೆಳಕು. ಹೊಸದರ ಫಿಲ್ಟರ್ ಬಿಡುವುದು 1.2. ಅಗಲ ಹೆಚ್ಚಾದಂತೆ ಸೂರ್ಯನ ಕೆಳಗಿನ ಪದರದ ಬೆಳಕೂ ಬೆರೆಯುತ್ತದೆ, ಹೊಳೆಯುವ ಪ್ರದೇಶಗಳು ಮಂಕಾಗಿ ಕಾಣುತ್ತವೆ. ನೂರು ವರ್ಷದಲ್ಲಿ ಸೂರ್ಯನ ಚಟುವಟಿಕೆ ಹೇಗೆ ಏರಿಳಿಯಿತು ಎಂದು ಲೆಕ್ಕ ಹಾಕುವವರು ಮೊದಲು, ಬದಲಾದದ್ದು ಸೂರ್ಯನೋ ಫಿಲ್ಟರೋ ಎಂದು ಬಿಡಿಸಬೇಕು.

ಹಳೆಯ ಪ್ಲೇಟುಗಳನ್ನೀಗ ಒಂದೊಂದಾಗಿ ಡಿಜಿಟಲ್ ಮಾಡಲಾಗಿದೆ. ಸಂಶೋಧಕರು ಅವನ್ನು ಮ್ಯೂಡನ್, ಮೌಂಟ್ ವಿಲ್ಸನ್‌ಗಳ ಚಿತ್ರಗಳ ಪಕ್ಕಕ್ಕಿಟ್ಟು ಹೋಲಿಸಿ ನೋಡುತ್ತಿದ್ದಾರೆ.