ಆಪಾದಿತನ ಪರವಾಗಿ ಒಂದು ಬಾಯಿ

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬ ಗಾದೆ ನಿಮಗೆಲ್ಲ ತಿಳಿದದ್ದೇ. ಆದರೆ ನ್ಯಾಯಸ್ಥಾನದ ಕಟಕಟೆಯಲ್ಲಿ ನಿಂತವನಿಗೆ ಸ್ವಂತ ಬಾಯಿ ಸಾಲದು. ಪಾಂಡವಪುರದ ನಾಲೆಯ ಬಯಲಿನಲ್ಲಿ ನೀರಿನ ಸರದಿಗಾಗಿಯೋ ನಾಗಮಂಗಲದ ಕಡೆ ಹೊಲದ ಬದುವಿಗಾಗಿಯೋ ಎರಡು ಮನೆಯವರು ಹೊಡೆದಾಡಿದರೆನ್ನಿ. ಒಬ್ಬನ ಪ್ರಾಣ ಹೋಯಿತೆನ್ನಿ. ಹಿಡಿದು ತಂದ ರೈತನಿಗೆ ತನ್ನ ಮೇಲೆ ಯಾವ ಕಲಮು ಬಿದ್ದಿದೆ, ಯಾವ ಸಾಕ್ಷಿಯನ್ನು ಏನು ಕೇಳಬೇಕು ಎಂಬುದು ಗೊತ್ತೆ? ಎದುರಿಗೆ ಸರ್ಕಾರದ ವಕೀಲರಿರುತ್ತಾರೆ. ಇವನ ಕಡೆ ಮಾತನಾಡುವವರು ಯಾರು?

ಈ ಪ್ರಶ್ನೆ ಹಳೆಯದು. ಸಾಲ ಮೊದಲಾದ ವಿವಾದಗಳಲ್ಲಿ ಪ್ರತಿನಿಧಿಯನ್ನು ನೇಮಿಸಿಕೊಳ್ಳಬಹುದೆಂದು ನಮ್ಮ ಸ್ಮೃತಿಕಾರರು ಒಪ್ಪಿದ್ದರು. ಆದರೆ ಕೊಲೆ, ಕಳವುಗಳಂಥ ಘೋರ ಆಪಾದನೆಗಳಲ್ಲಿ ಪ್ರತಿನಿಧಿ ಕೂಡದು, ಆಪಾದಿತನೇ ಉತ್ತರ ಹೇಳಬೇಕು ಎಂಬುದು ಕಾತ್ಯಾಯನನ ಮತ. ಇದು ನಮ್ಮ ದೇಶದ ವಿಚಿತ್ರವೆಂದು ಭಾವಿಸಬೇಡಿ. ಇಂಗ್ಲೆಂಡಿನಲ್ಲಿಯೂ ಹಣದ ವ್ಯಾಜ್ಯಕ್ಕೆ ವಕೀಲನುಂಟು, ಮರಣದಂಡನೆಯ ಮೊಕದ್ದಮೆಗೆ ಇಲ್ಲ! ನ್ಯಾಯಾಧೀಶನೇ ಆಪಾದಿತನ ವಕೀಲನೆಂದು ಅವರ ಸಮಾಧಾನ. ರಾಜದ್ರೋಹದ ಆಪಾದಿತರಿಗೆ 1696ರಲ್ಲಿ ವಕೀಲರು ದೊರೆತರು. ಉಳಿದ ಘೋರಾಪರಾಧಗಳಲ್ಲಿ ವಕೀಲನು ಪಂಚರೆದುರು ಪೂರ್ಣವಾಗಿ ವಾದಿಸುವ ಹಕ್ಕು ಬಂದದ್ದು 1836ರಲ್ಲಿ.

ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಏರ್ಪಟ್ಟಿತು. 1930ರಲ್ಲಿ ಅದೇ ಹೈಕೋರ್ಟಾಯಿತು. ಬ್ರಿಟಿಷ್ ಇಂಡಿಯದ 1898ರ ದಂಡ ಪ್ರಕ್ರಿಯಾ ಸಂಹಿತೆ, ಆಪಾದಿತನು ವಕೀಲನ ಮೂಲಕ ವಾದಿಸುವುದು ಅವನ ಹಕ್ಕೆಂದು ಸಾರಿತ್ತು. 1950ರ ಸಂವಿಧಾನದ 22ನೆಯ ಅನುಚ್ಛೇದ ಆ ಹಕ್ಕನ್ನು ಮೂಲಭೂತವನ್ನಾಗಿಸಿತು. ಆದರೆ ಫೀಜು ಕೊಡಲಾರದವನಿಗೆ ಈ ಹಕ್ಕು ಬರಿಯ ಕಾಗದ. 1951ರಲ್ಲಿ, ಹೈದರಾಬಾದು ಸಂಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದವರ ಮೊಕದ್ದಮೆಯಲ್ಲಿ, ವಕೀಲನಿರಲಿಲ್ಲವೆಂಬ ಒಂದೇ ಕಾರಣದಿಂದ ವಿಚಾರಣೆ ಅಸಿಂಧುವಾಗದೆಂದು ಸುಪ್ರೀಂ ಕೋರ್ಟೇ ಹೇಳಿತು.

ಈ ಕೊರತೆ ಮೆಲ್ಲಮೆಲ್ಲನೆ ತುಂಬಿತು. ಸೆಷನ್ಸ್ ವಿಚಾರಣೆಯಲ್ಲಿ ನಿರ್ಗತಿಕನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲನನ್ನು ಒದಗಿಸಬೇಕೆಂದು 1973ರ ಸಂಹಿತೆ ವಿಧಿಸಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ಉಳಿದಿದೆ. 1979ರಲ್ಲಿ, ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಮೊಕದ್ದಮೆಯಲ್ಲಿ, ಬಡವನಿಗೆ ಉಚಿತ ಕಾನೂನು ನೆರವು ಅವನ ಜೀವದ ಹಕ್ಕಿನ ಅಂಗವೆಂದು ಸುಪ್ರೀಂ ಕೋರ್ಟು ಸಾರಿತು. ನೆರವು ಕೇಳಲಿಲ್ಲವೆಂಬ ನೆಪದಿಂದ ಅದನ್ನು ತಪ್ಪಿಸಲಾಗದೆಂದು 1986ರಲ್ಲಿ ಸ್ಪಷ್ಟಪಡಿಸಿತು. ಕೇಳಬಹುದೆಂಬುದೇ ಗೊತ್ತಿಲ್ಲದವನು ಹೇಗೆ ತಾನೆ ಕೇಳಿಯಾನು?

‘ಕೊಲೆಗಡುಕನಿಗೂ ದೇಶದ್ರೋಹಿಗೂ ವಕೀಲನೆ?’ ಎಂದು ನೀವು ಕೇಳಬಹುದು. 2020ರಲ್ಲಿ ಮೈಸೂರಿನ ಮತ್ತು ಹುಬ್ಬಳ್ಳಿಯ ವಕೀಲರ ಸಂಘಗಳಿಗೂ ಹೀಗೆಯೇ ತೋರಿತು. ದೇಶದ್ರೋಹದ ಆಪಾದನೆಗೊಳಗಾದವರ ಪರ ತಮ್ಮ ಸದಸ್ಯರು ವಾದಿಸಕೂಡದೆಂದು ನಿರ್ಣಯ ಮಾಡಿದವು. ಹುಬ್ಬಳ್ಳಿಯ ನಿರ್ಣಯವನ್ನು ಕರ್ನಾಟಕದ ಉಚ್ಚ ನ್ಯಾಯಾಲಯ ಖಂಡಿಸಿತು. ವಾದಿಸಲು ಹೊರಟ ವಕೀಲರಿಗೆ ಪೊಲೀಸ್ ರಕ್ಷಣೆ ಕೊಡಿಸಿತು. ಅದು ಸರಿಯಾದ ಮಾತೇ. ಆಪಾದಿತನೆಂದರೆ ಅಪರಾಧಿಯಲ್ಲ. ಅಪರಾಧಿಯೆ ಅಲ್ಲವೆ ಎಂಬುದು ವಿಚಾರಣೆಯ ಕೊನೆಗೆ ತಿಳಿಯತಕ್ಕ ಮಾತು. ಅದಕ್ಕೆ ಸಾಕ್ಷ್ಯವನ್ನು ಒರೆಗೆ ಹಚ್ಚುವವನೊಬ್ಬ ಬೇಕು. ಒರೆಗಲ್ಲಿಲ್ಲದೆ ಚಿನ್ನದ ಬೆಲೆ ಕಟ್ಟಿದಂತಾದೀತು ವಕೀಲನಿಲ್ಲದ ತೀರ್ಪು.

ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯಲ್ಲಿ ಹುಟ್ಟಿದ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ನಮ್ಮ ಸೀಮೆಯ ಒಬ್ಬರು ನ್ಯಾಯಪೀಠದ ತುದಿಯನ್ನು ಮುಟ್ಟಿದರೆಂಬ ಹೆಮ್ಮೆ ನಮಗಿರಲಿ. ಅದರ ಜೊತೆಗೆ, ಅದೇ ಸೀಮೆಯ ಕೂಲಿಯವನು ಕಟಕಟೆಯಲ್ಲಿ ಮೂಕನಾಗಿ ನಿಲ್ಲಬಾರದೆಂಬ ಕಾಳಜಿಯೂ ಇರಲಿ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಬಂಧನದಲ್ಲಿರುವವರು, ಇವರಿಗೆ ವರಮಾನ ಎಷ್ಟೆಂಬ ಪ್ರಶ್ನೆಯಿಲ್ಲದೆ ನೆರವು ಸಲ್ಲುತ್ತದೆ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ಇಂಥ ಕಷ್ಟ ಬಂದರೆ ಅವನು ತಪ್ಪಿತಸ್ಥನೋ ಅಲ್ಲವೋ ಎಂದು ನೀವು ತೀರ್ಮಾನಿಸಹೋಗಬೇಡಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತ ಮೊದಲ ದಿನವೇ ‘ನನಗೆ ವಕೀಲರು ಬೇಕು’ ಎಂದು ಕೇಳುವಂತೆ ಅವನಿಗೆ ತಿಳಿಸಿ. ಅಷ್ಟು ಹೇಳಲು ಕಾನೂನಿನ ಪಾಂಡಿತ್ಯವೇನೂ ಬೇಕಿಲ್ಲ.