ಕಡತವೂ ಗೃಹಸ್ಥನ ಲೆಕ್ಕವೂ

ಕಾಗದವು ಸುಲಭಲಭ್ಯವಾಗುವುದಕ್ಕೆ ಮುಂಚೆ ಕನ್ನಡನಾಡಿನ ವರ್ತಕರೂ ಶಾನುಭೋಗರೂ ಅನುಕೂಲಸ್ಥ ಗೃಹಸ್ಥರೂ ತಮ್ಮ ಆಯವ್ಯಯಗಳನ್ನು ಬರೆದಿಡುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಆ ಕರಿಯ ಪುಸ್ತಕದ ಮೇಲೆ ಬಳಪದಿಂದ ಬರೆದ ಬಿಳಿಯ ಅಕ್ಷರಗಳು, ಜೋಪಾನ ಮಾಡಿದರೆ, ದೀರ್ಘಕಾಲ ಬಾಳುವುವೆಂಬುದಕ್ಕೆ ಶೃಂಗೇರಿ ಮಠದ ಕಡತಗಳೇ ಸಾಕ್ಷಿ. ಬೇಡವಾದ ಬರಹವನ್ನು ಅಳಿಸಿ, ಮತ್ತೆ ಮಸಿ ಬಳಿದು, ಅದೇ ಬಟ್ಟೆಯನ್ನು ಮರಳಿ ಉಪಯೋಗಿಸಬಹುದಾಗಿತ್ತೆಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಆದರೆ ಹಳ್ಳಿಯ ಮನೆಗಳಲ್ಲಿ ಆಯವೆಂದರೆ ಬಹುಮಟ್ಟಿಗೆ ಧಾನ್ಯವೇ ಆಗಿದ್ದುದರಿಂದ, ನಿಜವಾದ ಲೆಕ್ಕವು ಅಕ್ಷರವರಿಯದ ಗೃಹಿಣಿಯ ಕೈಯಲ್ಲಿತ್ತು. 20 ಕೊಳಗಕ್ಕೆ ಒಂದು ಖಂಡುಗದಂತೆ ಕಣದಲ್ಲಿ ಅಳೆದು ಬಂದ ರಾಗಿಯಲ್ಲಿ ಕಂದಾಯಕ್ಕೆ, ಆಯಗಾರರಿಗೆ, ಬಿತ್ತನೆಗೆ ಸಲ್ಲಬೇಕಾದುದನ್ನು ತೆಗೆದಿರಿಸಿ, ಉಳಿದುದನ್ನು ಹಗೇವಿನಲ್ಲಿ ತುಂಬಿದ ಮೇಲೆ, ಮುಂದಿನ ಸುಗ್ಗಿಯವರೆಗೆ ದಿನಕ್ಕೆಷ್ಟು ಪಾವೆಂದು ಆಕೆ ನಿಶ್ಚಯಿಸುತ್ತಿದ್ದ ಆ ವಿವೇಕವನ್ನು ಇತಿಹಾಸಕಾರರು ಅಲಕ್ಷಿಸಿರುವುದು ಅನ್ಯಾಯವೆಂದೇ ಹೇಳಬೇಕು. ಮಳೆ ತಪ್ಪಿದ ವರ್ಷಗಳಲ್ಲಿ ಅಂಥ ವಿವೇಕವೂ ಸಾಲದಾಗಿ, ಸಾಹುಕಾರರ ಬಡ್ಡಿಗೆ ಸಿಲುಕಿದ ರೈತರಿಗೆ ಆಸರೆಯಾಗಲೆಂದು 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು.