ಚೇರು ಮತ್ತು ತಾನ್ನಿ

ರೋಗದ ಇತಿಹಾಸವನ್ನು ಬರೆಯಹೊರಟವರು ಮಹಾಮಾರಿಗಳಿಂದಲೋ ಆಸ್ಪತ್ರೆಗಳ ಸ್ಥಾಪನೆಯಿಂದಲೋ ಆರಂಭಿಸುವುದು ವಾಡಿಕೆ. ಆದರೆ ಮನುಷ್ಯನು ತನ್ನ ಕಾಯಿಲೆಯ ದಿನಗಳಲ್ಲಿ ಬಹುಪಾಲನ್ನು ಕಳೆದಿರುವುದು ಮನೆಯ ಒಳಕೋಣೆಯಲ್ಲಿ, ಗಂಜಿ ಕಷಾಯಗಳ ಆಶ್ರಯದಲ್ಲಿ, ಹಿರಿಯ ಹೆಂಗಸರ ಆರೈಕೆಯಲ್ಲಿ. ಆ ಶುಶ್ರೂಷೆಯ ವಿದ್ಯೆಯು ಬಾಯಿಂದ ಬಾಯಿಗೆ ಸಾಗಿ ಬಂದದ್ದಾದಕಾರಣ ಅದರ ಪೂರ್ವಚರಿತ್ರೆಯನ್ನು ಲಿಖಿತ ಆಧಾರಗಳಿಂದ ತೋರಿಸಬಲ್ಲ ಊರುಗಳು ವಿರಳ. ಕೊಚ್ಚಿಯು ಅಂಥ ವಿರಳವಾದ ಊರುಗಳಲ್ಲೊಂದು.

1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯ ಕೋಟೆಯನ್ನು ಡಚ್ಚರು ಗೆದ್ದುಕೊಂಡ ತರುವಾಯ ಮಲಬಾರಿನ ಅಧಿಪತಿಯಾಗಿ ಬಂದ ಹೆಂಡ್ರಿಕ್ ವಾನ್ ರೀಡೆಯು ಈ ನಾಡಿನ ಮರಗಿಡಗಳ ರೂಪವನ್ನೂ ಔಷಧಗುಣವನ್ನೂ ಗ್ರಂಥಸ್ಥಗೊಳಿಸಲು ಸಂಕಲ್ಪಿಸಿದಾಗ, ಅವನು ಆಶ್ರಯಿಸಬೇಕಾದದ್ದು ಇಲ್ಲಿಯ ವೈದ್ಯರನ್ನೇ. ಚೇರ್ತಲೆಯ ಸಮೀಪದ ಕಡಕ್ಕರಪ್ಪಳ್ಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್, ತನ್ನ ಮನೆತನದ ಗ್ರಂಥದಲ್ಲಿದ್ದುದನ್ನೂ ಸ್ವಂತ ಅನುಭವದಿಂದ ಅರಿತದ್ದನ್ನೂ ಹೇಳಿ ಬರೆಯಿಸಿದನು. ನಮ್ಮ ಮಂಗಳೂರು ಕಾಸರಗೋಡುಗಳ ಗೌಡ ಸಾರಸ್ವತರಿಗೆ ಜ್ಞಾತಿಗಳಾದ, ಕೊಚ್ಚಿಯಲ್ಲಿ ನೆಲೆಸಿದ್ದ ಕೊಂಕಣಿ ಬ್ರಾಹ್ಮಣರಲ್ಲಿ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು, ಮಹಾನಿಘಂಟು ಎಂಬ ಔಷಧಗ್ರಂಥವನ್ನು ಮುಂದಿಟ್ಟುಕೊಂಡು, ಆಳುಗಳಿಂದ ಗಿಡಗಳನ್ನು ತರಿಸಿ, ಒಂದೊಂದರ ಗುಣವನ್ನೂ ನಿರ್ಣಯಿಸಿಕೊಟ್ಟರು. 1675ರ ಏಪ್ರಿಲ್ ತಿಂಗಳಲ್ಲಿ ಇವರು ಬರೆದುಕೊಟ್ಟ ಪ್ರಮಾಣಪತ್ರಗಳು, ಅಚ್ಯುತನದು ಕೋಲೆಳುತ್ತು ಲಿಪಿಯಲ್ಲಿ, ಕೊಂಕಣಿಗರದು ನಾಗರಿಯಲ್ಲಿ, ವಾನ್ ರೀಡೆಯ ಗ್ರಂಥದಲ್ಲಿಯೇ ಅಚ್ಚಾಗಿ ಉಳಿದಿವೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದ ಆ ಲ್ಯಾಟಿನ್ ಕೃತಿಯೇ 'ಹೊರ್ತುಸ್ ಮಲಬಾರಿಕುಸ್'.

ಅದರ ನಾಲ್ಕನೆಯ ಸಂಪುಟದ 9ನೆಯ ಚಿತ್ರಪಟದಲ್ಲಿ ಕಾಟ್ಟುಚೇರು ಎಂಬ ವೃಕ್ಷವುಂಟು. ಸಹ್ಯಾದ್ರಿಯ ನಮ್ಮ ಮಗ್ಗುಲಿನಲ್ಲಿ ಹೊಳೆಗೇರು ಎಂದು ಕರೆಯುವುದು ಇದರ ಬಳಗದ ಮರಗಳನ್ನೇ. ಮಾವು, ಗೇರು, ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಭಲ್ಲಾತಕ, ಇವೆಲ್ಲವೂ ಇದೇ ಕುಟುಂಬದವು. ಚೇರಿನ ತೊಗಟೆಯನ್ನು ಗಾಯಗೊಳಿಸಿದರೆ ಒಸರುವ ರಸವು ಗಾಳಿ ತಾಕಿ ಕಪ್ಪಾಗುತ್ತದೆ. ಮರ ಕಡಿದವನು ಸಂಜೆ ಮನೆಗೆ ಬಂದಾಗ ಅವನಿಗೆ ಯಾವ ಬಾಧೆಯೂ ಇರುವುದಿಲ್ಲ. ಒಂದೆರಡು ದಿನಗಳು ಕಳೆಯುವಷ್ಟರಲ್ಲಿ ಕೈಗಳು ತುರಿಸತೊಡಗಿ, ಚರ್ಮ ಕೆಂಪೇರಿ, ರೆಪ್ಪೆಗಳು ಊದಿ ಕಣ್ಣು ಮುಚ್ಚಿಕೊಂಡು, ನೀರುಗುಳ್ಳೆಗಳೆದ್ದು, ಒಡೆದಲ್ಲೆಲ್ಲ ಬೆಂಕಿಯಿಟ್ಟಂತೆ ಉರಿಯುತ್ತದೆ. ಒಂದೇ ಮರವನ್ನು ಮುಟ್ಟಿದ ಇಬ್ಬರಲ್ಲಿ ಒಬ್ಬನು ಹಾಸಿಗೆ ಹಿಡಿದರೆ ಇನ್ನೊಬ್ಬನು ಯಥಾಪ್ರಕಾರ ಕೆಲಸಕ್ಕೆ ಹೋಗುವುದನ್ನು ಕಂಡ ಜನರು, ದೋಷವು ಮರದ ಕೋಪದ್ದೆಂದು ಭಾವಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಕೋಪವೆಂದ ಮೇಲೆ ಅದಕ್ಕೊಂದು ಶಾಂತಿಯೂ ಬೇಕಷ್ಟೆ. ಕೇರಳದ ಮನೆಗಳಲ್ಲಿ ಆ ಶಾಂತಿಯು ತಾನ್ನಿ ಮರದ ಪಾಲಿಗೆ ಬಂದಿತು. ತ್ರಿಫಲಗಳಲ್ಲೊಂದಾದ, ನಾವು ತಾರೆಕಾಯಿ ಎನ್ನುವ ವಿಭೀತಕವೇ ಅದು. ಚೇರು ತಾಕಿದವನನ್ನು ತಾನ್ನಿಯ ಬುಡಕ್ಕೆ ಕರೆದೊಯ್ದು ಪ್ರದಕ್ಷಿಣೆ ಮಾಡಿಸುವುದು, ಆ ಮರದ ಎಲೆ ತೊಗಟೆಗಳನ್ನು ಕುದಿಸಿದ ನೀರನ್ನು ಆರಿಸಿ ಮೀಯಿಸುವುದು, ಉರಿಯುವ ಮೈಗೆ ತೆಂಗಿನೆಣ್ಣೆ ಸವರುವುದು, ಹುಳಿಖಾರಗಳನ್ನು ಬಿಡಿಸಿ ಗಂಜಿಯ ಪಥ್ಯದಲ್ಲಿಡುವುದು ಅಲ್ಲಿಯ ಸಂಪ್ರದಾಯ. ಹೊರ್ತುಸಿನಲ್ಲಿ ಕಾಟ್ಟುಚೇರಿನ ಮುಂದಿನ ಚಿತ್ರವೇ, ಅಂದರೆ 10ನೆಯ ಪಟವೇ, ಈ ತಾನ್ನಿಯದು. ಇದನ್ನು ಕೇವಲ ಕಾಕತಾಳೀಯವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಪ್ರದಕ್ಷಿಣೆಯಿಂದ ಗುಳ್ಳೆ ಇಳಿಯುವುದಿಲ್ಲವೆಂಬುದು ನಿಜ. ಆದರೆ ಒಗರುಳ್ಳ ತೊಗಟೆಯ ತಣ್ಣೀರು ಸೋರುವ ಚರ್ಮಕ್ಕೆ ಹಿತವೆಂಬುದೂ, ಕನ್ನಡಿ ನೋಡಲಂಜುವಷ್ಟು ಮುಖ ಊದಿದವನಿಗೆ ಇದು ವಾಸಿಯಾಗುವ ಬೇನೆಯೆಂದು ಮನೆಯವರೆಲ್ಲ ಧೈರ್ಯ ಹೇಳುವುದರಲ್ಲಿ ದೊಡ್ಡ ಉಪಕಾರವಿದೆಯೆಂಬುದೂ ಅಷ್ಟೇ ನಿಜ.

ಮನೆಯ ಮದ್ದಿನಿಂದ ಮಾತ್ರವೇ ಎಲ್ಲವೂ ಸಾಗದೆಂಬ ಅರಿವು ತಿರುವನಂತಪುರದಲ್ಲಿ ಬಹು ಬೇಗನೆ ಮೂಡಿತು. ಸಿಡುಬು ಬಂದ ಮನೆಯಲ್ಲಿ ಬೇವಿನ ಸೊಪ್ಪು ಹಾಸಿ ದೇವಿಯನ್ನು ಪ್ರಾರ್ಥಿಸುವುದಷ್ಟೇ ಉಪಾಯವಾಗಿದ್ದ ಕಾಲದಲ್ಲಿ, 1813ರಲ್ಲಿ, ರಾಣಿ ಗೌರಿ ಲಕ್ಷ್ಮೀಬಾಯಿ ತಿರುವಾಂಕೂರಿನಲ್ಲಿ ದೇವಿ ಹಾಕಿಸುವ, ಅಂದರೆ ಸಿಡುಬಿನ ಲಸಿಕೆ ಕೊಡಿಸುವ, ಪದ್ಧತಿಯನ್ನು ಆರಂಭಿಸಿ, ಪ್ರಜೆಗಳ ಭೀತಿ ಕಳೆಯಲೆಂದು ಮೊದಲು ತನ್ನ ರಾಜಮನೆತನದವರಿಗೇ ಹಾಕಿಸಿದಳು. ಅದೇ ನಗರದಲ್ಲಿ 1889ರಲ್ಲಿ ಆಯುರ್ವೇದ ಪಾಠಶಾಲೆಯೂ, 1951ರಲ್ಲಿ ವೈದ್ಯಕೀಯ ಕಾಲೇಜೂ ತೆರೆದವು.

ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿಯುವ ಚೇರು ಮರದ ಕೋಪಕ್ಕೆ ವಿವರಣೆ ದೊರೆತದ್ದು ಯುರೋಪಿನಲ್ಲಿ. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ಹೊರಗಿನ ವಸ್ತುವಿಗೆ ದೇಹವು ತೋರುವ ಬದಲಾದ ಪ್ರತಿಕ್ರಿಯೆಗೆ ಅಲರ್ಜಿಯೆಂದು ಹೆಸರಿಟ್ಟನು. ಅದಕ್ಕೆ ಕೆಲವೇ ವರ್ಷ ಮೊದಲು ಫ್ರಾನ್ಸಿನ ವಿಜ್ಞಾನಿಗಳಾದ ಷಾರ್ಲ್ ರಿಷೆ ಮತ್ತು ಪೋಲ್ ಪೋರ್ಟಿಯೇ, ಸಮುದ್ರಜೀವಿಯ ವಿಷವನ್ನು ಒಮ್ಮೆ ತಾಳಿಕೊಂಡಿದ್ದ ನಾಯಿಯು ಎರಡನೆಯ ಸಲ ಅತ್ಯಲ್ಪ ಪ್ರಮಾಣಕ್ಕೇ ಕೆಲವು ನಿಮಿಷಗಳಲ್ಲಿ ಪ್ರಾಣಬಿಟ್ಟುದನ್ನು ಕಂಡಿದ್ದರು. ಅನಾಫಿಲಾಕ್ಸಿಸ್ ಎಂಬ ಆ ಸ್ಥಿತಿಯ ಅಧ್ಯಯನಕ್ಕಾಗಿ ರಿಷೆಗೆ 1913ರ ನೊಬೆಲ್ ಸಂದಿತು. ಚೇರಿನ ಉರಿಯೂ ಅಲರ್ಜಿಯೇ, ಆದರೆ ನಿಧಾನದ್ದು. ಚರ್ಮವನ್ನು ಕಾಡಿ, ಕೆಲವು ವಾರಗಳಲ್ಲಿ ಇಳಿಯುವಂಥದು. ಸಿಗಡಿಯೋ ಕಡಲೆಕಾಯಿಯೋ ಕಣಜದ ಕಡಿತವೋ ಒಗ್ಗದವನಿಗೆ ಗಂಟಲು ಕಟ್ಟಿ ಉಸಿರು ನಿಲ್ಲುವುದು ತೀವ್ರವಾದ ಮತ್ತೊಂದು ಬಗೆ. ತಾನ್ನಿಯ ನೀರು ಕುದಿಯುವಷ್ಟು ವ್ಯವಧಾನವನ್ನು ಅದು ಕೊಡುವುದಿಲ್ಲ. ಈ ಎರಡನ್ನೂ ಒಂದೇ ಎಂದು ಬಗೆದು ಮನೆಮದ್ದಿನಲ್ಲಿ ಕಾಲಹರಣ ಮಾಡುವುದು ಪ್ರಾಣಕ್ಕೆ ಅಪಾಯ.

ಕ್ಯಾಲಿಕಟ್ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ದುಡಿದು ಹೊರ್ತುಸನ್ನು ಲ್ಯಾಟಿನ್ನಿನಿಂದ ಬಿಡಿಸಿದರು. ಅವರ ಇಂಗ್ಲಿಷ್ ಅನುವಾದವನ್ನು 2003ರಲ್ಲಿ, ಮಲಯಾಳ ಅನುವಾದವನ್ನು 2008ರಲ್ಲಿ, ತಿರುವನಂತಪುರದ ಕೇರಳ ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಮೂರು ಶತಮಾನಗಳಿಗೂ ಮಿಕ್ಕಿ ಪರಭಾಷೆಯಲ್ಲಿ ಹುದುಗಿದ್ದ ಅಚ್ಯುತನ ಅರಿವು ಹೀಗೆ ಅವನ ನಾಡಿನವರ ಕೈಸೇರಿತು. ಕನ್ನಡನಾಡಿನ ಕರಾವಳಿ ಮಲೆನಾಡುಗಳ ನಾಟಿವೈದ್ಯರ ಬಳಿಯೂ ಇದೇ ಮರಗಳ ಬಗೆಗಿನ ತಿಳಿವಳಿಕೆ ಉಳಿದಿದೆ. ಬಲ್ಲವರು ಅದನ್ನು ಆ ವೈದ್ಯರ ಹೆಸರಿನಲ್ಲಿಯೇ ಬರೆದಿಡಬೇಕು. ಆದರೆ ಮನೆಯಲ್ಲಿ ತೀವ್ರವಾದ ಅಲರ್ಜಿಯುಳ್ಳವರಿದ್ದರೆ, ವೈದ್ಯರನ್ನು ಕಂಡು ಅಡ್ರಿನಲಿನ್ ಚುಚ್ಚುಮದ್ದಿನ ಏರ್ಪಾಡು ಮಾಡಿಕೊಂಡು, ಅದನ್ನು ತೊಡೆಗೆ ಕೊಡುವ ಕ್ರಮವನ್ನು ಮನೆಯವರು ಕಲಿತಿರಬೇಕು. ಉಸಿರು ಕಟ್ಟಿದ ಕೂಡಲೆ ಅದನ್ನು ಕೊಟ್ಟು, ಚೇತರಿಕೆ ಕಂಡರೂ ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಆ ಬಾಧೆಯು ಕೆಲವು ಗಂಟೆಗಳ ಮೇಲೆ ಮರುಕಳಿಸುವುದುಂಟು.